ಇಷ್ಟು ಅಂದ್ರೆ ಎಷ್ಟೋ?

ಹೋದ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಮೆಣಸಿನ ಬಳ್ಳಿಗೆ ರೋಗ ಬಾರದ ಹಾಗೆ ಹೊಡೆಯೋ, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಮಾಡೋದು ಹೇಗೆ ಅಂತ ಒಂದು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ್ದೆ. 11 ನಿಮಿಷದ್ದು. ಯಾವತ್ತೂ ಇನ್ನೂರು ಜನ ದಾಟದ ನನ್ನ ಚಾನೆಲ್ಲಿನಲ್ಲಿ ಅದನ್ನು ಮೂರೇ ದಿನಕ್ಕೆ ನಾಲ್ಕು ಸಾವಿರ ಜನ ನೋಡಿದ್ದರು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ ನನಗೆ. ಆ ಖುಷಿಯಲ್ಲೇ ಸಂಜೆ ದೊಡ್ಡಪ್ಪನ ಮನೆಗೆ ಹೋದೆ. ದೊಡ್ಡಮ್ಮ ಕಾಫಿ ತಂದಿಟ್ಟರು. ಜಗುಲಿಯಲ್ಲಿ ಕೂತು, ದೊಡ್ಡಪ್ಪನ ಫೋನಿನಲ್ಲೇ ವಿಡಿಯೋ ಹಾಕಿದೆ.

ನನ್ನ ದನಿ ಶುರುವಾಯಿತು. "ಎಲ್ರಿಗೂ ನಮಸ್ಕಾರ. ನೋಡಿ, ಮೊದ್ಲು ಇದನ್ನ ಇಷ್ಟು ತಗೊಳ್ಳಿ. ಇದ್ರೊಳಗೆ ಹಿಂಗೆ ಕರಗಿಸ್ಕೊಳ್ಳಿ. ಆಮೇಲೆ ಇದನ್ನ ತಗೊಂಡು ಇದಕ್ಕೆ ನಿಧಾನಕ್ಕೆ ಹಾಕ್ತಾ ಬನ್ನಿ. ಈ ಬಣ್ಣ ಬರ್ಬೇಕು, ನೋಡ್ಕೊಳ್ಳಿ."

ದೊಡ್ಡಪ್ಪ ಲೋಟ ಕೆಳಗಿಟ್ಟರು. "ಲೋ, ಇಷ್ಟು ಅಂದ್ರೆ ಎಷ್ಟೋ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಒಂದು ಕೆಜಿ ಅಂದೆ.

"ಅದನ್ನ ಅಲ್ಲಿ ಹೇಳಿದ್ಯಾ?"

ಇಲ್ಲ. ತಕ್ಕಡಿ ತೋರಿಸಿದ್ದೆ.

"ಯಾವುದನ್ನ ಯಾವುದಕ್ಕೆ ಹಾಕ್ದೆ?"

ತುತ್ತಿನ ನೀರನ್ನ ಸುಣ್ಣದ ನೀರಿಗೆ. ಅದನ್ನೂ ಹೇಳಿರಲಿಲ್ಲ. ಬಕೆಟ್ ಬಗ್ಗಿಸಿದ್ದು ವಿಡಿಯೋದಲ್ಲಿ ಕಾಣುತ್ತದಲ್ಲ ಅಂದುಕೊಂಡಿದ್ದೆ. ತೋಟ ಮಾಡುವವರಿಗೆ ಗೊತ್ತು, ಉಲ್ಟಾ ಮಾಡಿದರೆ ದ್ರಾವಣ ಸರಿಯಾಗಿ ಕೂಡುವುದಿಲ್ಲ. ಅಂದರೆ ಇಡೀ ವಿಡಿಯೋದಲ್ಲಿ ತಪ್ಪಬಾರದ ಮಾತು ಯಾವುದಿತ್ತೋ ಅದನ್ನೇ ನಾನು ಬಾಯಿಬಿಟ್ಟು ಹೇಳಿರಲಿಲ್ಲ.

ದೊಡ್ಡಪ್ಪನಿಗೆ ಈಗ 74. ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಏರಿ ನರ ಸಾಯುತ್ತಾ ಬರುವ ಕಾಯಿಲೆ ಅದು. ಸಾಮಾನ್ಯವಾಗಿ ನೋವಿಲ್ಲ, ಕೆಂಪಾಗುವುದಿಲ್ಲ, ಅಂಚಿನಿಂದ ಮೊದಲು ಕತ್ತಲು ಬರುತ್ತದೆ. ಅವರಿಗೆ ಗೊತ್ತಾಗಿದ್ದು ಜೀಪನ್ನು ಎರಡು ಸಲ ಒಂದೇ ಗೇಟಿನ ಕಂಬಕ್ಕೆ ತಾಗಿಸಿದ ಮೇಲೆ. ಆಗಲೇ ಬಹಳ ಹೋಗಿತ್ತು, ಹೋದದ್ದು ವಾಪಸ್ ಬರುವುದಿಲ್ಲ, ಇದ್ದದ್ದು ಉಳಿಯಲಿ ಅಂತ ಡ್ರಾಪ್ಸ್ ಕೊಟ್ಟರು. ಉಳಿಯಲಿಲ್ಲ. 2016ರ ಹೊತ್ತಿಗೆ ಕಿಟಕಿ ಎಲ್ಲಿದೆ ಅನ್ನುವಷ್ಟು ಬೆಳಕು ಮಾತ್ರ. (ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಕಣ್ಣು ಚೆನ್ನಾಗಿದೆ ಅನ್ನಿಸಿದರೂ ಒತ್ತಡ ನೋಡಿಸಿಕೊಳ್ಳಿ. ನಾನು ವರ್ಷಕ್ಕೊಮ್ಮೆ ಹೋಗುತ್ತೇನೆ.)

ಈ ಕಥೆ ಹೇಳಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, ಕಣ್ಣು ಕಾಣದವರಿಗೆ ವಿಡಿಯೋ ಯಾಕಪ್ಪ ಅಂತ. ಕೆಟ್ಟ ಮನಸ್ಸಿನಿಂದಲ್ಲ. ಆದರೂ ಉತ್ತರ ಹೇಳಬೇಕು. ಕೊಡಗಿನ ಮಾದಾಪುರದ ಹತ್ತಿರ ಆರು ಎಕರೆ ಕಾಫಿ ತೋಟವನ್ನು ಈಗಲೂ ನೋಡಿಕೊಳ್ಳುವುದು ದೊಡ್ಡಪ್ಪನೇ. "ನೋಡಿಕೊಳ್ಳುವುದು" ಅನ್ನುವುದನ್ನು ಬೇಕೆಂದೇ ಬರೆದೆ, ಅವರೂ ಹಾಗೇ ಅನ್ನುತ್ತಾರೆ. ಹಣ್ಣು ಕೈಯಲ್ಲಿ ಹಿಚುಕಿ ನೋಡುತ್ತಾರೆ, ಬೀಜ ಪುಳಕ್ಕನೆ ಹೊರಗೆ ಬಂದರೆ ಕೊಯ್ಲಿಗೆ ಸರಿ, ಗಟ್ಟಿಯಿದ್ದರೆ ಇನ್ನೂ ಹತ್ತು ದಿನ. ಕಣದಲ್ಲಿ ಕಾಫಿ ಒಣಗಿದೆಯೋ ಇಲ್ಲವೋ ಅಂತ ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ ಸದ್ದಿನಲ್ಲೇ ಹೇಳುತ್ತಾರೆ. ಕೆಲಸದವರಿಗೆ ಏನು ಮಾಡಬೇಕು ಅಂತ ಹೇಳುವುದು ಅವರು. ಅವರಿಗೆ ಹೊಸ ವಿಷಯ ಗೊತ್ತಾಗುವ ದಾರಿ ಯಾವುದು? ಮೊದಲು ಪೇಪರ್ ಇತ್ತು, ಈಗ ಅದಿಲ್ಲ. ಆಕಾಶವಾಣಿ ಇದೆ. ಉಳಿದದ್ದೆಲ್ಲ ವಿಡಿಯೋ ಆಗಿಬಿಟ್ಟಿದೆ. ಗೊಬ್ಬರದ ಬಗ್ಗೆ, ಕಾಂಡಕೊರಕದ ಬಗ್ಗೆ, ಸಬ್ಸಿಡಿ ಅರ್ಜಿ ತುಂಬುವುದರ ಬಗ್ಗೆ, ಎಲ್ಲವೂ.

ಅವತ್ತು ರಾತ್ರಿ ಮನೆಗೆ ಬಂದು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು ನನ್ನದೇ ವಿಡಿಯೋವನ್ನು ಕಿವಿಯಲ್ಲಿ ಮಾತ್ರ ಕೇಳಿದೆ. ಕೈಯಲ್ಲಿ ಪೆನ್ನು. ಇದು, ಇದನ್ನ, ಇಷ್ಟು, ಹಿಂಗೆ, ಇಲ್ಲಿ, ಈ ಥರ. ಬಂದಾಗಲೆಲ್ಲ ಒಂದು ಗೀಟು. 11 ನಿಮಿಷಕ್ಕೆ 63 ಗೀಟು. ನಡುವೆ ಒಂದೂವರೆ ನಿಮಿಷ ಮಾತೇ ಇಲ್ಲ, ಕೊಳಲು ಬಾರಿಸುತ್ತಿದೆ. ಅಲ್ಲಿ ಏನು ಮಾಡಿದ್ದೆ ಅಂತ ನನಗೇ ನೆನಪಾಗಲಿಲ್ಲ, ಫೋನ್ ತಿರುಗಿಸಿ ನೋಡಬೇಕಾಯಿತು. ಕೊನೆಯಲ್ಲಿ "ಹೆಚ್ಚಿನ ಮಾಹಿತಿಗೆ ಸ್ಕ್ರೀನ್ ಮೇಲೆ ಕಾಣ್ತಿರೋ ನಂಬರಿಗೆ ಫೋನ್ ಮಾಡಿ" ಅಂತ ಬೇರೆ.

ಆ "ಕಾಣ್ತಿರೋ" ಅನ್ನುವ ಮಾತು ಕೇಳಿದಾಗ 2018 ನೆನಪಾಯಿತು.

ಆಗಸ್ಟ್ ನಡುವಿನ ಆ ದಿನಗಳನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಗುಡ್ಡಗಳೇ ಕುಸಿದು ಬಂದ ಮಳೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ. ನಮ್ಮಿಂದ ಮಡಿಕೇರಿ ಕಡೆಗಿನ ರಸ್ತೆಯೇ ಕುಸಿದಿತ್ತು. ಕರೆಂಟ್ ಇಲ್ಲ. ಸೋಮವಾರಪೇಟೆಯಲ್ಲಿ ನೆಂಟರ ಮನೆಗೆ ಹೋಗಿ ಸೇರಿಕೊಂಡ ಮೇಲೆ ಅಲ್ಲಿ ಫೋನಿಗೆ ಜೀವ ಬಂತು. ವಾಟ್ಸಾಪಿನಲ್ಲಿ ಸಾಲುಸಾಲು ವಿಡಿಯೋ. ಒಂದರಲ್ಲಿ ಮನೆಯೊಂದು ಇಡಿಯಾಗಿ ಗುಡ್ಡದಿಂದ ಜಾರಿ ಹೋಗುತ್ತದೆ, ನೀವೂ ನೋಡಿರುತ್ತೀರಿ, ದೇಶವೆಲ್ಲ ನೋಡಿತು. ಅಂಥವು ಇನ್ನೂ ಎಷ್ಟೋ. ಎಲ್ಲದರಲ್ಲೂ ಮಾತು ಒಂದೇ. "ಅಯ್ಯೋ, ಅಲ್ಲಿ ನೋಡಿ, ಅಲ್ಲಿ ನೋಡಿ, ಹೋಯ್ತು, ಹೋಯ್ತು."

ನೆಂಟರ ಮನೆಯ ನಡುಮನೆಯಲ್ಲಿ ಹದಿನೈದು ಜನ ಇದ್ದೆವು. ಎಲ್ಲರೂ ಯಾರದೋ ಫೋನಿನ ಮೇಲೆ ಬಗ್ಗಿದ್ದೆವು. ಮೂಲೆಯ ಕುರ್ಚಿಯಲ್ಲಿ ಕೂತ ದೊಡ್ಡಪ್ಪ ಕೇಳುತ್ತಿದ್ದರು, "ಏನು ಹೋಯ್ತು? ಎಲ್ಲಿ ಅದು? ನಮ್ಮ ಕಡೆಯದಾ?" ಯಾರೂ ಉತ್ತರ ಹೇಳಲಿಲ್ಲ. ಬೇಕೆಂದಲ್ಲ, ಕಣ್ಣು ಕಿತ್ತುಕೊಂಡು ಬರಲಾಗಲಿಲ್ಲ ನಮಗೆ. ಟಿವಿ ಹಾಕಿದರು. ಅಲ್ಲೂ ಅಷ್ಟೇ. "ನೀವು ದೃಶ್ಯಗಳಲ್ಲಿ ನೋಡ್ತಾ ಇರಬಹುದು, ಯಾವ ಪ್ರಮಾಣದಲ್ಲಿ ಅನಾಹುತ ಆಗಿದೆ ಅಂತ." ಪ್ರಮಾಣ ಎಷ್ಟು, ಯಾವ ಊರು, ಯಾವ ರಸ್ತೆ ಇದೆ ಯಾವುದು ಹೋಗಿದೆ, ಅದೆಲ್ಲ ಕೆಳಗೆ ಓಡುವ ಅಕ್ಷರಗಳಲ್ಲಿ. ಅವತ್ತು ದೊಡ್ಡಪ್ಪನ ತಮ್ಮ ಮಕ್ಕಂದೂರು ಕಡೆಯಲ್ಲಿದ್ದರು, ಫೋನಿಗೆ ಸಿಗುತ್ತಿರಲಿಲ್ಲ. (ಆಮೇಲೆ ಸಿಕ್ಕಿದರು, ಪರಿಹಾರ ಕೇಂದ್ರದಲ್ಲಿ ಆರಾಮಾಗಿದ್ದರು.) ಎರಡು ಗಂಟೆ ಆ ಮುದುಕ ಏನು ಅನುಭವಿಸಿದರು ಅಂತ ಯೋಚಿಸಿದ್ದು ನಾನು ಏಳು ವರ್ಷ ಕಳೆದು, ಬೋರ್ಡೋ ವಿಡಿಯೋದ ಗೀಟು ಎಣಿಸುವಾಗ.

ಸರಿ, ಗೋಳು ಸಾಕು. ಏನು ಮಾಡಿದೆ ಹೇಳುತ್ತೇನೆ.

ಮೂರು ದಿನ ಬಿಟ್ಟು ಅದೇ ವಿಡಿಯೋವನ್ನು ಮತ್ತೆ ಮಾಡಿದೆ. ಈ ಸಲ ದೊಡ್ಡಪ್ಪನ ಅಂಗಳದಲ್ಲಿ, ಅವರು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು. ನಿಯಮ ಒಂದೇ: ಅವರಿಗೆ ಅರ್ಥವಾಗದಿದ್ದರೆ ಅಲ್ಲೇ ನಿಲ್ಲಿಸಬೇಕು. ಶುರುವಿನಲ್ಲಿ ಇದು ತಮಾಷೆಯ ಹಾಗಿತ್ತು. "ಎರಡು ಪ್ಲಾಸ್ಟಿಕ್ ಡ್ರಮ್ ಇಟ್ಕೊಂಡಿದೀನಿ, ಒಂದೊಂದಕ್ಕೂ 50 ಲೀಟರ್ ನೀರು." ಯಾಕೆ ಪ್ಲಾಸ್ಟಿಕ್, ಅಂದರು. ಯಾಕೆ ಅನ್ನುವುದನ್ನು ನಾನು ಯಾವತ್ತೂ ಹೇಳುವವನಲ್ಲ, ಡ್ರಮ್ ಕಂಡರೆ ಜನರಿಗೆ ಗೊತ್ತಾಗುತ್ತದೆ ಅನ್ನುವ ಭಾವನೆ. "ಕಬ್ಬಿಣದ ಪಾತ್ರೆ ಬೇಡ, ತುತ್ತು ಕಬ್ಬಿಣವನ್ನ ತಿನ್ನುತ್ತೆ" ಅಂತ ಸೇರಿಸಿದೆ. "ಎಡಗಡೆ ಡ್ರಮ್ಮಿಗೆ ಒಂದು ಕೆಜಿ ಮೈಲುತುತ್ತು. ಬಲಗಡೆಯದಕ್ಕೆ ಒಂದು ಕೆಜಿ ಸುಟ್ಟ ಸುಣ್ಣ."

ಸುಣ್ಣ ನೀರಿಗೆ ಬಿದ್ದು ಬುಸ್ಸೆಂದಿತು. ನಾನು ವಿವರಿಸುವ ಹುರುಪಿನಲ್ಲಿ, "ಈಗ ಸುಣ್ಣ ಕುದಿತಾ ಇದೆ, ಗುಳ್ಳೆ ಗುಳ್ಳೆ ಬರ್ತಾ ಇದೆ, ಆವಿ..." ಅಂತ ಶುರು ಮಾಡಿದೆ. ದೊಡ್ಡಪ್ಪ ಕೈಯೆತ್ತಿದರು. "ಸುಮ್ನಿರೋ ಸ್ವಲ್ಪ. ಅದು ಕೇಳ್ಲಿ."

ಸುಮ್ಮನಾದೆ. ಸುಣ್ಣ ಬುಸುಗುಟ್ಟಿ, ಕೊತಕೊತ ಕುದ್ದು, ಮೆಲ್ಲಗೆ ತಣಿಯುವವರೆಗೂ ಮೈಕ್ ಅದನ್ನೇ ಹಿಡಿಯಿತು. ಡ್ರಮ್ಮಿನ ಹೊರಗೆ ಅಂಗೈ ಇಟ್ಟು ದೊಡ್ಡಪ್ಪ, "ಬಿಸಿ ಬಂತು. ಇದು ಆರೋ ತನಕ ಬೆರೆಸ್ಬೇಡ ಅಂತ ಹೇಳು" ಅಂದರು. ಆ ಮಾತು ವಿಡಿಯೋದಲ್ಲಿ ಅವರ ದನಿಯಲ್ಲೇ ಇದೆ, ತೆಗೆಯಲಿಲ್ಲ.

ಆಮೇಲೆ ಬೆರೆಸುವುದು. "ಎಡಗಡೆಯ ತುತ್ತಿನ ನೀರನ್ನ ಮಗ್ಗಿನಲ್ಲಿ ತಗೊಂಡು ಬಲಗಡೆಯ ಸುಣ್ಣದ ನೀರಿಗೆ ಸಣ್ಣಗೆ ಸುರೀತಾ ಇದೀನಿ, ಇನ್ನೊಂದು ಕೈಲಿ ಮರದ ಕೋಲಲ್ಲಿ ತಿರುಗಿಸ್ತಾ ಇದೀನಿ." ಬಣ್ಣದ ವಿಷಯ ಬಂತು. "ಮಳೆ ಬಿಟ್ಟ ಮೇಲಿನ ಆಕಾಶದ ನೀಲಿ" ಅಂದೆ. ದೊಡ್ಡಪ್ಪ ತಲೆಯಾಡಿಸಿದರು. ಬಣ್ಣ ಹೇಳಬಾರದು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ತಪ್ಪು. ಅರವತ್ತು ವರ್ಷ ಬಣ್ಣ ಕಂಡ ಮನುಷ್ಯನಿಗೆ ಬಣ್ಣ ಮರೆತುಹೋಗಿರುವುದಿಲ್ಲ. ಹುಟ್ಟಿನಿಂದ ಕಾಣದವರಿಗೂ ನೀಲಿ ಅಂದರೆ ಪಕ್ಕದ ಕೆಲಸದವನನ್ನು "ನೀಲಿ ಬಂತಾ ನೋಡು" ಅಂತ ಕೇಳುವುದಕ್ಕೆ ಬೇಕಾದ ಮಾತು ಅದು.

ಕೊನೆಗೆ ಪರೀಕ್ಷೆ. ಹೊಳೆಯುವ ಕಬ್ಬಿಣದ ಚೂರಿ ಅಥವಾ ಬ್ಲೇಡನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ, ತಾಮ್ರದ ಕೆಂಪು ಪದರ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಮೊದಲ ವಿಡಿಯೋದಲ್ಲಿ ಚೂರಿಯನ್ನು ಕ್ಯಾಮೆರಾ ಮುಂದೆ ಹಿಡಿದು "ಹಿಂಗಾದ್ರೆ ಸರಿ ಇಲ್ಲ, ಹಿಂಗಿದ್ರೆ ಸರಿ" ಅಂದಿದ್ದೆ. ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೆ?

ಎರಡನೇ ವಿಡಿಯೋ 14 ನಿಮಿಷ ಆಯಿತು. ವಿಚಿತ್ರ ಏನೆಂದರೆ, ಅದನ್ನು ಮೆಚ್ಚಿದವರಲ್ಲಿ ಹೆಚ್ಚಿನವರು ಕಣ್ಣು ಸರಿಯಿರುವವರೇ. ಫೋನನ್ನು ಜೇಬಿನಲ್ಲಿಟ್ಟು, ಎರಡೂ ಕೈ ಸುಣ್ಣದಲ್ಲಿ ಮುಳುಗಿಸಿಕೊಂಡು ಕೇಳುತ್ತಾ ಮಾಡಿದೆವು ಅಂದರು.

ಇದಕ್ಕೆಲ್ಲ ಒಂದು ಶಾಸ್ತ್ರವೇ ಇದೆ ಅಂತ ಆಮೇಲೆ ತಿಳಿಯಿತು. ಆಡಿಯೋ ಡಿಸ್ಕ್ರಿಪ್ಷನ್ ಅನ್ನುತ್ತಾರೆ. ಸಿನಿಮಾದಲ್ಲಿ ಪಾತ್ರಗಳು ಮಾತಾಡದ ಸಂದಿಯಲ್ಲಿ ಇನ್ನೊಂದು ದನಿ ಬಂದು "ಅವಳು ಪತ್ರ ಹರಿದು ಒಲೆಗೆ ಹಾಕುತ್ತಾಳೆ" ಅಂತ ಹೇಳಿ ಹೋಗುತ್ತದೆ. ಸಂದಿ ಸಾಲದಿದ್ದರೆ ಚಿತ್ರವನ್ನೇ ತಡೆದು ನಿಲ್ಲಿಸಿ ಹೇಳುವ ಕ್ರಮವೂ ಇದೆ. 1981ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ, ಅರೀನಾ ಸ್ಟೇಜ್ ಅನ್ನುವ ರಂಗಮಂದಿರದಲ್ಲಿ, ಕಣ್ಣು ಕಾಣದ ಪ್ರೇಕ್ಷಕರ ಕಿವಿಗೆ ನಾಟಕದ ನಡುವೆ ಹೀಗೆ ಹೇಳುವುದನ್ನು ಮಾರ್ಗರೆಟ್ ಮತ್ತು ಕೋಡಿ ಫ್ಯಾನ್‌ಸ್ಟೀಲ್ ಶುರು ಮಾಡಿದರು. ಮಾರ್ಗರೆಟ್ ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ನೆಟ್‌ಫ್ಲಿಕ್ಸ್ ಇದಕ್ಕೆ ಕೈಹಾಕಿದ್ದು 2015ರಲ್ಲಿ, ಅದೂ ಕಣ್ಣು ಕಾಣದ ನಾಯಕನಿರುವ 'ಡೇರ್‌ಡೆವಿಲ್' ಸರಣಿಯನ್ನು ಕಣ್ಣು ಕಾಣದವರೇ ನೋಡಲಾಗುತ್ತಿಲ್ಲ ಅಂತ ಜನ ಗಲಾಟೆ ಮಾಡಿದ ಮೇಲೆ.

ನಮ್ಮಲ್ಲಿ ಕಾನೂನೇನೂ ಇಲ್ಲದೆ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ನಿನಲ್ಲಿ ಆಡಿಯೋ ಡಿಸ್ಕ್ರಿಪ್ಷನ್ ಅನ್ನುವ ಪದವೇ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಚಿತ್ರಮಂದಿರಗಳ ಸಿನಿಮಾಗಳಿಗೂ ಮಾರ್ಗಸೂಚಿ ತಂದಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಡಿಜಿಟಲ್ ಸೌಲಭ್ಯ ಕೈಗೆಟಕುವುದು ಬದುಕುವ ಹಕ್ಕಿನ ಭಾಗ ಅಂದಿತು. ಇಷ್ಟೆಲ್ಲ ಆದರೂ ತೋಟದ ಮೂಲೆಯಲ್ಲಿ ವಿಡಿಯೋ ಮಾಡುವ ನನ್ನಂಥವನಿಗೆ ಯಾರೂ ನೋಟಿಸು ಕೊಡುವುದಿಲ್ಲ, ದೊಡ್ಡಪ್ಪ ಬೈಯುತ್ತಾರೆ ಅಷ್ಟೇ. ಅದೇ ಹೆಚ್ಚು ಕೆಲಸ ಮಾಡಿದೆ.

ದೊಡ್ಡಪ್ಪನಿಗೆ ಈ ಇತಿಹಾಸ ಹೇಳಿದೆ. ಅವರು ನಕ್ಕರು. "ಇದೇನೋ ಹೊಸದು? ನಮ್ಮ ರೇಡಿಯೋದಲ್ಲಿ ವೀಕ್ಷಕ ವಿವರಣೆ ಅಂತ ಬರ್ತಿರ್ಲಿಲ್ವಾ?"

ಹೌದಲ್ಲ. ಪದವೇ ಇದೆ ನಮ್ಮಲ್ಲಿ. ವೀಕ್ಷಕ ವಿವರಣೆ. ದಸರಾದಲ್ಲಿ ಮೈಸೂರು ಆಕಾಶವಾಣಿಯವರು ಜಂಬೂಸವಾರಿಯನ್ನು ಹೇಳುವಾಗ ಆನೆಯ ಮೇಲಿನ ಅಂಬಾರಿಯಿಂದ ಹಿಡಿದು ಸ್ತಬ್ಧಚಿತ್ರದಲ್ಲಿ ಏನಿದೆ ಅನ್ನುವವರೆಗೆ ಬರುತ್ತದೆ. ದೊಡ್ಡಪ್ಪ ಆವತ್ತು ಟಿವಿಯ ಸದ್ದು ಬಂದ್ ಮಾಡಿಸಿ ರೇಡಿಯೋ ಹಾಕಿಸುತ್ತಾರೆ. ಮನೆಯವರು ಚಿತ್ರ ಟಿವಿಯಲ್ಲಿ ನೋಡುತ್ತಾರೆ, ಮಾತು ರೇಡಿಯೋದಲ್ಲಿ ಕೇಳುತ್ತಾರೆ. ಎರಡಕ್ಕೂ ಒಂದಷ್ಟು ಸೆಕೆಂಡು ಹಿಂದುಮುಂದು, ರೇಡಿಯೋದಲ್ಲಿ ದಾಟಿ ಹೋದ ಆನೆ ಟಿವಿಯಲ್ಲಿ ಇನ್ನೂ ಬರುತ್ತಿರುತ್ತದೆ. ಹಾಗೆಯೇ ಕೊಡವ ಕುಟುಂಬಗಳ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಉತ್ಸವ ಅದು. ದೊಡ್ಡಪ್ಪ ಕಣ್ಣಿದ್ದಾಗಲೂ ಹೋಗುತ್ತಿದ್ದರು, ಈಗಲೂ ಒಂದು ದಿನವಾದರೂ ಹೋಗಲೇಬೇಕು. ಮೈದಾನದ ಮೈಕಿನಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ಬರುವ ವಿವರಣೆ ಸಾಕು ಅವರಿಗೆ, ಚೆಂಡು ಯಾವ ಮನೆಯವರ ಕೋಲಿನಲ್ಲಿದೆ, ಎಡಗಡೆಯಿಂದ ಯಾರು ನುಗ್ಗಿದರು, ಎಲ್ಲ ಗೊತ್ತಾಗುತ್ತದೆ. ಅದೇ ಪಂದ್ಯದ ತುಣುಕು ಮಾರನೇ ದಿನ ಫೋನಿಗೆ ಬರುತ್ತದೆ, ಆ ವಿವರಣೆ ಕಿತ್ತುಹಾಕಿ ಮೇಲೆ ಡಿಜೆ ಹಾಡು ಅಂಟಿಸಿ. ಅದನ್ನು ಹಾಗೆ ಮಾಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಇದ್ದದ್ದನ್ನು ಕಿತ್ತು ಬಿಸಾಡುವ ಕೆಲಸ ಅದು.

ದೊಡ್ಡಪ್ಪನ ಫೋನಿನ ಸಂಗತಿ ಬೇರೆ ಅಧ್ಯಾಯ. ಟಾಕ್‌ಬ್ಯಾಕ್ ಹಾಕಿಕೊಟ್ಟಿದ್ದೇನೆ. ಬೆರಳು ಆಡಿಸಿದರೆ ಅಲ್ಲೇನಿದೆ ಅಂತ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕನ್ನಡ ದನಿಯೂ ಇದೆ. ಒಂದು ಮಧ್ಯಾಹ್ನ ಅವರ ಪಕ್ಕ ಕೂತು ಅವರು ವಿಡಿಯೋ ಹುಡುಕುವುದನ್ನು ಕೇಳಿಸಿಕೊಂಡೆ. ಒಬ್ಬರು ಶೀರ್ಷಿಕೆಯ ಮುಂದೆ ಬೆಂಕಿಯ ಚಿತ್ರ ಮೂರು ಹಾಕಿದ್ದಾರೆ. ಫೋನ್ "ಬೆಂಕಿ, ಬೆಂಕಿ, ಬೆಂಕಿ" ಅಂತ ಓದುತ್ತದೆ, ತೋಟಕ್ಕೆ ಬೆಂಕಿ ಬಿತ್ತೇನೋ ಅನ್ನುವ ಹಾಗೆ. ಇನ್ನೊಬ್ಬರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ. ಅದನ್ನು ಫೋನು ಇಂಗ್ಲಿಷ್ ಅಂದುಕೊಂಡು ಓದಿದ ರೀತಿ ಕೇಳಿದರೆ ಯಾವ ಭಾಷೆಯೂ ಅಲ್ಲ. ಮತ್ತೊಬ್ಬರು ಚಂದಕ್ಕೆ ಅಂತ ಅಲಂಕಾರದ ಅಕ್ಷರ ಹಾಕಿದ್ದರು, ಅದನ್ನು ಫೋನು ಓದಲೇ ಇಲ್ಲ. ಅಷ್ಟಾಗಿ ನನ್ನ ವಿಡಿಯೋ ಬಂತು. "ಸೂಪರ್ ಐಡಿಯಾ" ಅಂತ ಓದಿತು. ಬೋರ್ಡೋ ಅನ್ನುವ ಮಾತು ಮುಖಚಿತ್ರದ ಮೇಲೆ ದಪ್ಪ ಹಳದಿ ಅಕ್ಷರದಲ್ಲಿತ್ತು, ಶೀರ್ಷಿಕೆಯಲ್ಲಿ ಇರಲಿಲ್ಲ. ಚಿತ್ರದೊಳಗಿನ ಅಕ್ಷರ ಶೀರ್ಷಿಕೆಯ ಜೊತೆ ಓದಿಬರುವುದಿಲ್ಲ.

ಅವತ್ತಿನಿಂದ ಶೀರ್ಷಿಕೆ ಕನ್ನಡ ಲಿಪಿಯಲ್ಲಿ, ವಿಷಯ ಮೊದಲ ಎರಡು ಪದದಲ್ಲಿ. ವಿಡಿಯೋದ ಕೆಳಗೆ ಯಾವ ನಿಮಿಷಕ್ಕೆ ಏನಿದೆ ಅಂತಲೂ ಬರೆಯುತ್ತೇನೆ. 0:00ಯಿಂದ ಶುರು ಮಾಡಿ ಕನಿಷ್ಠ ಮೂರು ಸಾಲು ಬರೆದರೆ ಯೂಟ್ಯೂಬೇ ಅದನ್ನು ಭಾಗಗಳಾಗಿ ಮಾಡುತ್ತದೆ. ಕಾಣದ ಗೀಟಿನ ಮೇಲೆ ಬೆರಳು ಎಳೆದು "ಚೂರಿ ಪರೀಕ್ಷೆ ಎಲ್ಲಿದೆಯೋ" ಅಂತ ದೊಡ್ಡಪ್ಪ ಹುಡುಕುವುದು ತಪ್ಪಿತು. ಮಾತನ್ನೆಲ್ಲ ಅಕ್ಷರದಲ್ಲೂ ಹಾಕಿದರೆ ಕಿವಿ ಕೇಳದವರಿಗಾಯಿತು. ಕಣ್ಣು ಕಿವಿ ಎರಡೂ ಇಲ್ಲದವರು ಅದನ್ನು ಬ್ರೈಲ್ ಯಂತ್ರದಲ್ಲಿ ಬೆರಳಿನಿಂದ ಓದುತ್ತಾರಂತೆ. ಇದನ್ನು ನಾನು ಎಲ್ಲದಕ್ಕೂ ಮಾಡಿಲ್ಲ. ಸೋಮಾರಿತನ, ಬೇರೆ ಕಾರಣ ಹೇಳುವುದಿಲ್ಲ.

ದೊಡ್ಡಪ್ಪನದು ಹೆಚ್ಚುಕಡಿಮೆ ಪೂರ್ತಿ ಕತ್ತಲು. ಅರ್ಧಂಬರ್ಧ ಕಾಣುವವರ ಕಷ್ಟ ಬೇರೆ, ಅದು ನನಗೆ ತಿಳಿದಿದ್ದು ಮೈಸೂರಿನಲ್ಲಿ ಓದುತ್ತಿರುವ ಚಿಕ್ಕಪ್ಪನ ಮಗಳಿಂದ. ಅವಳಿಗೆ ನಡುವೆ ಮಾತ್ರ ಕಾಣುತ್ತದೆ, ಪೈಪಿನಲ್ಲಿ ಇಣುಕಿದ ಹಾಗೆ. ಕತ್ತಲಾದರೆ ಅದೂ ಕಷ್ಟ. ಹಿಂದಿನ ವರ್ಷ ಕಾಫಿ ಹೂ ಬಿಟ್ಟಾಗ ನಾನೊಂದು ವಿಡಿಯೋ ಹಾಕಿದ್ದೆ. ತೋಟ ತುಂಬ ಹೂ, ಅದರ ಮೇಲೆ ಬಿಳಿ ಅಕ್ಷರದಲ್ಲಿ ನಾಲ್ಕು ಸಾಲು. ಅವಳು ಫೋನ್ ಮಾಡಿ, "ಅಣ್ಣ, ಬಿಳಿ ಹೂವಿನ ಮೇಲೆ ಬಿಳಿ ಅಕ್ಷರ ಬರ್ದಿದೀಯಲ್ಲ, ಅದು ನಿಂಗಾದ್ರೂ ಕಾಣ್ಸುತ್ತಾ?" ಅಂದಳು. ತೆಗೆದು ನೋಡಿದೆ. ನನಗೂ ಕಾಣಿಸಲಿಲ್ಲ.

ಅವಳೇ ಹೇಳಿಕೊಟ್ಟಳು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ಅಂತರ (ಕಾಂಟ್ರಾಸ್ಟ್) ಇರಬೇಕು ಅನ್ನುವುದು ವೆಬ್ ಜಗತ್ತಿನಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಲೆಕ್ಕ, ಅದನ್ನು ಅಳೆದು ಹೇಳುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ನಾನು ಅಳೆಯುವ ಗೋಜಿಗೆ ಹೋಗಿಲ್ಲ, ಕಪ್ಪು ಪಟ್ಟಿಯ ಮೇಲೆ ಹಳದಿ ಅಕ್ಷರ, ದೊಡ್ಡದಾಗಿ, ಯಾವಾಗಲೂ ಒಂದೇ ಜಾಗದಲ್ಲಿ. ಜಾಗ ಬದಲಾದರೆ ಅವಳು ಆ ಪೈಪನ್ನು ಸ್ಕ್ರೀನೆಲ್ಲ ಓಡಿಸಿ ಹುಡುಕಬೇಕು, ಸಿಗುವಷ್ಟರಲ್ಲಿ ಅಕ್ಷರ ಹೋಗಿರುತ್ತದೆ. ಕ್ಯಾಮೆರಾವನ್ನು ಗರಗರ ತಿರುಗಿಸುವ ಚಟವನ್ನೂ ಬಿಟ್ಟೆ. ಅದು ನನ್ನ ಹೆಂಡತಿಗೂ ತಲೆ ಸುತ್ತಿಸುತ್ತಿತ್ತಂತೆ, ಇಷ್ಟು ದಿನ ಹೇಳಿರಲಿಲ್ಲ.

ಬೇರೆಯವರು ಮಾಡಿದ ವಿಡಿಯೋಕ್ಕೆ ಏನು ಮಾಡುವುದು? ಒಂದು ಕಂಪನಿಯವರ ಔಷಧಿ ಸಿಂಪಡಣೆಯ ವಿಡಿಯೋ ನಮ್ಮ ಗುಂಪಿಗೆ ಬಂದಿತ್ತು. ಮಾತೇ ಇಲ್ಲ, ಸಂಗೀತ, ಅಕ್ಷರ. ಎಷ್ಟು ಲೀಟರಿಗೆ ಎಷ್ಟು ಮಿಲಿ ಅನ್ನುವುದೂ ಅಕ್ಷರದಲ್ಲೇ. ವಿಷದ ಅಳತೆ! ಅವರಿಗೆ ಬರೆದೆ, ಉತ್ತರವಿಲ್ಲ. ಯೂಡಿಸ್ಕ್ರೈಬ್ ಅಂತ ಒಂದಿದೆ, ಸ್ಯಾನ್ ಫ್ರಾನ್ಸಿಸ್ಕೋದ ಸ್ಮಿತ್-ಕೆಟಲ್‌ವೆಲ್ ಕಣ್ಣಿನ ಸಂಶೋಧನಾ ಸಂಸ್ಥೆಯವರು 2013ರಲ್ಲಿ ಶುರು ಮಾಡಿದ್ದು. ಯೂಟ್ಯೂಬಿನಲ್ಲಿರುವ ಯಾರದೇ ವಿಡಿಯೋಕ್ಕೆ ಯಾರು ಬೇಕಾದರೂ ವಿವರಣೆಯ ದನಿ ಸೇರಿಸಬಹುದು, ಮೂಲ ವಿಡಿಯೋವನ್ನು ಮುಟ್ಟದೆ. ಆದರೆ ದೊಡ್ಡಪ್ಪನಿಗೆ ಇನ್ನೊಂದು ಜಾಗ ಹುಡುಕಿ ಹೋಗುವುದು ಬೇಡ. ನಾನು ಅಂಥ ವಿಡಿಯೋ ನೋಡಿ ವಾಟ್ಸಾಪಿನಲ್ಲಿ ಎರಡು ನಿಮಿಷದ ದನಿ ಕಳಿಸುತ್ತೇನೆ. ಗುಂಪಿನಲ್ಲಿ ಇನ್ನೂ ಮೂರು ಜನ ಅದನ್ನೇ ಕೇಳುತ್ತಾರೆ ಅಂತ ಮೊನ್ನೆ ಗೊತ್ತಾಯಿತು. ಇಬ್ಬರಿಗೆ ಓದಲು ಬರುವುದಿಲ್ಲ. ಇನ್ನೊಬ್ಬರಿಗೆ ಕನ್ನಡಕ ಹುಡುಕುವುದೇ ಬೇಜಾರು.

ಹಾಗಂತ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮಾಂದಲ್‌ಪಟ್ಟಿಯ ಒಂದು ವಿಡಿಯೋಕ್ಕೆ ಆಮೇಲೆ ಕೂತು ವಿವರಣೆ ಸೇರಿಸಿದೆ. ಮಂಜು "ಹಾಲಿನ ಕಡಲಿನಂತೆ ಉಕ್ಕಿ", ಬೆಟ್ಟಗಳು "ಹಸಿರು ಸೀರೆಯುಟ್ಟ ಮದುಮಗಳಂತೆ". ಏಳು ನಿಮಿಷ ಬಾಯಿಗೆ ಬಿಡುವಿಲ್ಲ. ದೊಡ್ಡಪ್ಪ ಪೂರ್ತಿ ಕೇಳಿದರು, ಮರ್ಯಾದೆಗೆ. ಆಮೇಲೆ ಕೇಳಿದರು, "ಗಾಳಿ ಇತ್ತಾ ಅವತ್ತು? ನಿನ್ನ ಮಾತಲ್ಲಿ ಅದೇ ಕೇಳ್ಲಿಲ್ಲ. ಜೀಪು ಎಲ್ಲಿವರೆಗೂ ಹೋಗುತ್ತೆ ಈಗ?" ಅದನ್ನು ಚಾನೆಲ್ಲಿನಿಂದ ತೆಗೆದುಹಾಕಿದೆ.

ಈ ವರ್ಷ ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಬಂತು. ಮನೆ ಹತ್ತಿರ 90 ಸೆಂಟ್, ಅಂದರೆ ಒಂದು ಇಂಚಿಗೆ ಸ್ವಲ್ಪ ಕಡಿಮೆ. ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಆ ವಾಸನೆ, ಜೇನಿನ ಸದ್ದು. ಹೋದ ಸಲದ ತಪ್ಪು ಸರಿ ಮಾಡೋಣ ಅಂತ ದೊಡ್ಡಪ್ಪನ ತೋಟಕ್ಕೇ ಹೋದೆ. ಅವರು ಕೋಲು ಊರಿಕೊಂಡು ಗೇಟಿನವರೆಗೆ ಬಂದರು. ಫೋನ್ ಎತ್ತಿ ಹಿಡಿದು, "ರೆಂಬೆ ರೆಂಬೆಗೂ ಗೊಂಚಲು ಗೊಂಚಲಾಗಿ ಬೆಳ್ಳಗೆ..." ಅಂತ ಶುರು ಮಾಡಿದೆ.

"ಬೆಳ್ಳಗಿರುತ್ತೆ, ನಂಗೊತ್ತು" ಅಂದರು. "ವಾಸನೆ ಇಲ್ಲಿಗೇ ಬರ್ತಿದೆ. ಮೇಲಿನ ತೋಟದಲ್ಲಿ ಬಂದಿದ್ಯಾ ಅದನ್ನ ಹೇಳು."

ವಿಡಿಯೋ ಓಡುತ್ತಲೇ ಇತ್ತು. ಹಾಗೇ ಹಿಡಿದುಕೊಂಡು ಏರು ಹತ್ತಿದೆ. ಸಿಲ್ವರ್ ಓಕ್ ಸಾಲು ದಾಟಿ ಮೇಲಿನ ಹದಿನೈದು ಸಾಲು, ಮೊಗ್ಗು ಹಸಿರು ಹಸಿರಾಗಿ ಹಾಗೇ ನಿಂತಿತ್ತು. ಅಲ್ಲಿಗೆ ಮಳೆ ಸಾಲದೆ ಹೋಗಿದೆ. ಒಂದು ರೆಂಬೆ ಹತ್ತಿರ ಎಳೆದು, ಮೊಗ್ಗಿನ ಉದ್ದ ಬೆರಳಿನ ಅರ್ಧ ಗೆಣ್ಣಿನಷ್ಟು, ತುದಿ ಇನ್ನೂ ಬಿಚ್ಚಿಲ್ಲ, ಅಂತ ಫೋನಿಗೆ ಹೇಳಿದೆ. ಆಮೇಲೆ ಅಲ್ಲಿಂದಲೇ ಕೂಗಿದೆ, "ಬಂದಿಲ್ಲ ದೊಡ್ಡಪ್ಪ! ಓಕ್ ಸಾಲಿಂದ ಮೇಲೆ ಒಂದೂ ಬಿಚ್ಚಿಲ್ಲ!"

ಕೆಳಗಿನಿಂದ ಅವರ ದನಿ ಬಂತು, ವಿಡಿಯೋದಲ್ಲಿ ಸಣ್ಣಗೆ ಕೇಳಿಸುತ್ತದೆ. "ಹಂಗಾದ್ರೆ ನಾಳೆ ಬೆಳಿಗ್ಗೆನೇ ಸ್ಪ್ರಿಂಕ್ಲರ್ ಹಾಕ್ಸು. ಪೈಪು ಕೊಟ್ಟಿಗೆ ಹಿಂದೆ ಇದೆ."